ಪೂನಂ ಮೇಲಿನ ಮಸುಕು

ಅಗೋ, ಕಂಪ್ಯೂಟರಿನ ಪರದೆಯ ಮೇಲೆ ನಿಂತೇಬಿಟ್ಟಿತು ಮತ್ತೆ ಆ ಕೈ, ಹಿಟ್ಟು ಮೆತ್ತಿದ ಅತ್ತೆಯ ಬಲಗೈ, ಎರಡು ಬೆರಳುಗಳ ನಡುವೆ ಬಿಸಿ ರೊಟ್ಟಿಯ ತುಣುಕು, ತುಣುಕಿನಿಂದ ಎದ್ದ ಆವಿ ಕೂಡ ಗಾಳಿಗೆ ಅಂಟಿಕೊಂಡು ನಿಂತಿದೆ, ಹಿಂದೆ ಹಾಕಿದ ಶಹನಾಯಿ ಮಾತ್ರ ಯಾರಿಗೂ ಕಾಯದೆ ಫಾಸ್ಟ್ ಲೋಕಲ್ ರೈಲಿನ ಹಾಗೆ ಮುಂದೆ ಮುಂದೆ ಓಡುತ್ತಿದೆ, ಕೈ ಪ್ಲಾಟ್‌ಫಾರ್ಮಿನಲ್ಲೇ ಉಳಿದಿದೆ — ಈಗ ಒಂದು ಸಲ ಜಿಗಿಯುತ್ತದೆ, ಜಿಗಿದದ್ದೇ ಸೀದಾ ಬಾಯಿ, ನಡುವಿನ ದಾರಿ ಕಾಣುವುದೇ ಇಲ್ಲ, ಇರಲಿ, ನಿಂತೇ ಇರಲಿ, ನಿಂತಷ್ಟು ಹೊತ್ತು ಆ ತುತ್ತು ಪೂನಂ ಬಾಯಿಗೆ ಬಿದ್ದಿಲ್ಲವಲ್ಲ ಎಂದುಕೊಂಡು ಸೌಭಾಗ್ಯ ಮೌಸನ್ನು ಅಂಗೈಯಲ್ಲಿ ಹಿಸುಕಿದಳು, ಹಿಸುಕಿದ ರಭಸಕ್ಕೆ ಅದು ನಿಜವಾದ ಇಲಿಯಾಗಿದ್ದರೆ ಅಲ್ಲೇ ಪ್ರಾಣ ಬಿಡುತ್ತಿತ್ತು. ಪೂನಂ, ಖಾರ್ಘರದ ಪೂನಂ, ಮೈದುನ ಕೈಲಾಸನ ಹೆಂಡತಿ, ತನ್ನ ನೆಗೆಣ್ಣಿ, ಮೋಡಗಳು ಬಾಲ್ಕನಿಯಲ್ಲಿ ಕಾಲು ಚಾಚಿ ಮಲಗುವಷ್ಟು ಎತ್ತರದಲ್ಲಿ ಮನೆ, ಅನ್ನಕ್ಕಿಟ್ಟರೂ ಅದನ್ನೊಂದು ವಿಡಿಯೊ ಮಾಡಿ ಬಿಡುವವಳು, ನೋಡುವ ಮಂದಿಯನ್ನು ಸಾಲಾಗಿ ನಿಲ್ಲಿಸಿದರೆ ಪನವೇಲಿನಿಂದ ಸೊಲ್ಲಾಪುರದ ತನಕ ಮುಟ್ಟೀತು, ರೊಟ್ಟಿ ಬಡಿಯಲು ಬಾರದು, ಲಟ್ಟಿಸುತ್ತಾಳೆ, ಜೋಳದ ರೊಟ್ಟಿಯನ್ನು ಲಟ್ಟಣಿಗೆಯಿಂದ! ಅದಕ್ಕೂ ಕೆಂಪು ಹೃದಯ ಒತ್ತುವ ಮಂದಿ ಇದ್ದಾರೆ, ಮಂದಿಗೇನು. ತಾನು ಕಲ್ಯಾಣದ ಈ ಅಡುಗೆಮನೆಯಲ್ಲಿ ಒಗ್ಗರಣೆ ಕೊಟ್ಟರೆ ಮುಂದಿನ ಸ್ಟೇಷನ್ನು ವಿಠ್ಠಲವಾಡಿಯಲ್ಲಿ ಇಳಿದವರು ಸೀನುತ್ತ ಸೀನುತ್ತ ಮರಳಿ ರೈಲು ಹತ್ತಿ ಬಂದು ಇದು ಯಾರ ಮನೆಯ ಘಮ ಎಂದು ವಿಚಾರಿಸುತ್ತಾರೆ, ತಾನು ಬಡಿದ ರೊಟ್ಟಿಯನ್ನು ಕಣ್ಣಿಗೆ ಹಿಡಿದರೆ ಅದರೊಳಗಿಂದ ಕೆಳಗಿನ ರಿಕ್ಷಾದ ನಂಬರು ಓದಬಹುದು, ಇದೆಲ್ಲ ಅತ್ತೆಗೆ ಗೊತ್ತಿಲ್ಲವೆ, ಗೊತ್ತಿದೆ, ಗೊತ್ತಿದ್ದೂ ಮದುವೆಯಾಗಿ ಬಂದಾಗಿನಿಂದ ಒಂದೇ ಮಾತು, ಅಂಚು ದಪ್ಪಾತ ನೋಡು, ಎಸರು ಇನ್ನಷ್ಟ ಕುದೀಬೇಕಿತ್ತು, ಅಂಥ ಅತ್ತೆ ಮೊದಲ ರೊಟ್ಟಿ ಮುರಿದು ಮೊದಲ ತುತ್ತು ಕೊಟ್ಟದ್ದು ಯಾರಿಗೆ, ಲಟ್ಟಣಿಗೆಯವಳಿಗೆ.

ಅವಳು ಯಾಕೆ ಬಂದು ಕೂತಳು ಅಲ್ಲಿ, ಕರೆದವರು ಯಾರು, ಯಾರೂ ಇಲ್ಲ, ಡೊಂಬಿವಲಿಯ ಕನ್ನಡ ಮಹಿಳಾ ಬಳಗದವರು ಅತ್ತೆ-ಸೊಸೆ ಕೂಡಿ ಮಾಡುವ ಅಡುಗೆಯ ವಿಡಿಯೊ ಸ್ಪರ್ಧೆ ಇಟ್ಟಿದ್ದಾರೆ, ಒಬ್ಬ ಅತ್ತೆಗೆ ಒಬ್ಬಳೇ ಸೊಸೆ ಎಂದು ನಿಯಮ ಮಾಡಿದ್ದಾರೆ, ಎಂಥ ಬುದ್ಧಿವಂತ ಹೆಂಗಸರು, ಇವತ್ತು ಸಂಜೆಯೊಳಗೆ ಕಳಿಸಬೇಕು, ಬರುವ ರವಿವಾರ ಸಭಾಗೃಹದಲ್ಲಿ ಗೋಡೆಯಷ್ಟು ದೊಡ್ಡ ಪರದೆಯ ಮೇಲೆ ತೋರಿಸುತ್ತಾರೆ, ಆಗ ಇಡೀ ಠಾಣೆ ಜಿಲ್ಲೆಗೆ, ಜಿಲ್ಲೆ ಯಾಕೆ, ಮೂರು ಲೋಕಕ್ಕೆ ಗೊತ್ತಾಗುತ್ತದೆ ರುದ್ರವ್ವನ ಸೊಸೆ ಎಂದರೆ ಯಾರೆಂದು, ಒಬ್ಬಳೇ ಎಂದು. ಅದಕ್ಕೇ ಅಲ್ಲವೆ ಆ ದಿನ ಅತ್ತೆಯನ್ನು ಮಿಂದು ಬಂದ ಕೂಡಲೇ ಇಳಕಲ್ ಸೀರೆ ಉಡಿಸಿ ಒಲೆಯ ಮುಂದೆ ಕೂರಿಸಿದ್ದು, ತಾನೇ ಫೋನು ಹಿಡಿದು ನಿಂತದ್ದು, ತಾನು ಬಡಿಯುವ ಭಾಗವನ್ನು ಆಮೇಲೆ ಗಂಡನ ಕೈಯಲ್ಲಿ ತೆಗೆಸಿದ್ದು, ತಲೆಯೊಂದು ಬಿಟ್ಟು ಉಳಿದದ್ದೆಲ್ಲ ಬಂದಿದೆ, ಪುಣ್ಯಾತ್ಮ — ಆ ದಿನ ಅತ್ತೆ ಮೊದಲ ರೊಟ್ಟಿ ಬಡಿಯುವಷ್ಟರಲ್ಲಿ ಬಾಗಿಲ ಗಂಟೆ, ಪೂನಂ, ತನಗೆ ಸರ್ಪ್ರೈಜ್ ವೈನೀ, ಅತ್ತೆಯ ಕಡೆ ತಿರುಗಿ ಮಮ್ಮೀಜೀ ರೊಟ್ಟಿ ಬನಾ ರಹೀ ಹೈ? ಎಂದವಳೇ ಹಸಿರು ಬಳೆ ಝಣ್ಣೆನಿಸಿ ಅತ್ತೆಯ ಎಡಗಡೆ ಮೊಣಕಾಲು ಮಡಚಿ ಕೂತೇಬಿಟ್ಟಳು, ಏಳು ಅನ್ನಲಾದೀತೆ, ಅತ್ತೆಯ ಮುಖ ಹಂಚಿನ ಮೇಲಿನ ರೊಟ್ಟಿಯ ಹಾಗೆ ಉಬ್ಬಿತು ಅವಳನ್ನು ಕಂಡು, ಆಮೇಲೆ ಆ ಕೈ, ಆ ತುಣುಕು, ಆ ಬಾಯಿ. ಆಮೇಲೆ ಎಷ್ಟು ಸಲ ಫೋನಿನಲ್ಲಿ ನೋಡಲು ಹೋದರೂ ಕೈ ಏಳುವಷ್ಟಕ್ಕೆ ಮುಂದಕ್ಕೆ ಸರಿಸಿಬಿಡುತ್ತಿದ್ದಳು, ಒಮ್ಮೆಯೂ ಪೂರ್ತಿ ನೋಡಿಲ್ಲ, ನೋಡುವುದೇನಿದೆ, ಕಣ್ಣಾರೆ ಕಂಡದ್ದು. ಒಬ್ಬಳೇ ಸೊಸೆ ಎಂಬುದು ನಿಯಮ, ನಿಯಮಕ್ಕಾಗಿಯೇ ಮಾಡಿದ್ದು, ಬೇರೆ ಉದ್ದೇಶವಿಲ್ಲ, ದೇವರಾಣೆಗೂ ಇಲ್ಲ — ಪೂನಂ ಮೇಲೆ ಒಂದು ಮಸುಕು ಎಳೆದಳು, ಮೊದಲು ಒಂದು ದಾಸವಾಳದ ಚಿತ್ರ ಅಂಟಿಸಿ ನೋಡಿದ್ದಳು, ಪೂನಂ ಅಲುಗಿದರೆ ಹೂವಿನ ಹಿಂದಿಂದ ಮೂಗು ಇಣುಕುತ್ತಿತ್ತು, ಅದಕ್ಕೇ ಕಂಪ್ಯೂಟರಿಗೇ ಹೇಳಿದಳು, ಇವಳು ಎತ್ತ ಹೋದರೂ ಬಿಡಬೇಡ, ಬೆನ್ನು ಹತ್ತು, ಒಂದೊಂದು ಚಿತ್ರದಲ್ಲೂ ಅಳಿಸು, ಹತ್ತಿತು, ಪೋಲೀಸಿನವನ ಹಾಗೆ ಹತ್ತಿತು, ಪೂನಂ ಬಾಗಿದರೆ ಮಸುಕು ಬಾಗುತ್ತದೆ, ನಕ್ಕರೆ ಮಸುಕು ಅಲುಗುತ್ತದೆ, ಇಂಥ ಕೈಚಳಕ ದೊಡ್ಡ ದೊಡ್ಡ ಸಿನೆಮಾದವರಿಗೂ ಬಾರದು, ಖಾರ್ಘರದವರಿಗಂತೂ ಬಾರದು. ಅಂದಿನಿಂದ ಈ ಡಬ್ಬಿಗೆ ಏನಾಗಿದೆಯೋ, ಮಗ ಸ್ವಪ್ನಿಲ್ ಆಟ ಆಡಲು ಕಟ್ಟಿಸಿಕೊಂಡಿದ್ದ ಕಂಪ್ಯೂಟರು, ಫ್ಯಾನು ಹೆಲಿಕಾಪ್ಟರಿನಂತೆ ಕೂಗುತ್ತದೆ, ಮೇಜಿನ ಸಮೇತ ಹಾರಿ ಮುಂಬ್ರಾದ ಗುಡ್ಡದ ಮೇಲೆ ಇಳಿದೀತು, ಚಿತ್ರ ಮಾತ್ರ ಒಂದು ಹೆಜ್ಜೆ ಇಡಲು ಮೂರು ಸಲ ಏದುಸಿರು ಬಿಡುತ್ತದೆ, ಪೂರ್ತಿ ಫೈಲು ಮಾಡಿಸಲು ಹಚ್ಚಿದರೆ ಅರ್ಧಕ್ಕೆ ಕಪ್ಪಾಗಿ ಮುಚ್ಚಿಕೊಳ್ಳುತ್ತದೆ. ಸ್ವಪ್ನಿಲ್‌ಗೆ ಫೋನು ಮಾಡಿದರೆ, ಐರೋಳಿಯ ಆಫೀಸಿನಿಂದ ಪಿಸುದನಿ, ಮಮ್ಮಿ, ಮೀಟಿಂಗ್ ಮೇ ಹೂಂ, ಕಾಕು ಕೋ ಪೂಛೋ ನಾ, ಉಸ್ಕೋ ಸಬ್ ಆತಾ ಹೈ. ಸಬ್ ಆತಾ ಹೈ, ಎಲ್ಲ ಬರುತ್ತದಂತೆ ಕಾಕುಗೆ, ಆ ಪೂನಂಗೆ! ಹೆತ್ತ ಮಗನೂ ಆ ಕಡೆಗೇ.

ಹಾಂ ವೈನಿ, ಬೋಲೋ, ಎಂಬ ಪೂನಂ ದನಿ ಫೋನಿನಿಂದ ಕಿವಿಗೆ ಬಿದ್ದಾಗ ಬೆಲ್ಲದ ಪಾಕದಂತಿತ್ತು, ಅಂಟುವಂತಿತ್ತು, ಏನಿಲ್ಲವಾ ಪೂನಂ, ಸುಮ್ನ ಒಂದ ವಿಡಿಯೊ, ಭಾಳ ತಡದ ತಡದ ಓಡಾಕತ್ತೈತಿ ಎಂದಳು ಸೌಭಾಗ್ಯ, ಯಾವ ವಿಡಿಯೊ ಎಂದು ಹೇಳಲಿಲ್ಲ, ಅರೇ ಟೆನ್ಷನ್ ಮತ್ ಲೋ, ಪೆಹಲೆ ಬಾಕಿ ಸಬ್ ಬಂದ್ ಕರೋ, ಬ್ರೌಸರ್‌ನಾಗ ಎಷ್ಟ ಟ್ಯಾಬ್ ತೆರದೀರಿ? ನೋಡಿದರೆ, ಶಿವನೇ, ಸಾಲುಸಾಲು, ಎಲ್ಲವೂ ಪೂನಂನ ವಿಡಿಯೊಗಳೇ, ಎಷ್ಟು ಮಂದಿ ನೋಡಿದರು ಎಂದು ಬೆಳಿಗ್ಗೆ ಒಂದು ಸಲ ಮಧ್ಯಾಹ್ನ ಒಂದು ಸಲ ಇಣುಕಲು ತೆರೆದಿಟ್ಟವು, ಒಂದ ಎರಡ ಅವವಾ ಎಂದು ಸುಳ್ಳಾಡುತ್ತ ಒಂದೊಂದಾಗಿ ಮುಚ್ಚಿದಳು, ಬದನೆಕಾಯಿ ಹಿಡಿದ ಪೂನಂ ಹೋದಳು, ಕರಿ ಕನ್ನಡಕದ ಪೂನಂ ಹೋದಳು, ಅತ್ತೆಯ ಹೆಗಲಿಗೆ ಕೈ ಹಾಕಿದ ಪೂನಂ ಹೋದಳು, ಎಂಥ ಸುಖ, ಇನ್ನಷ್ಟು ಇದ್ದಿದ್ದರೆ ಇನ್ನಷ್ಟು ಮುಚ್ಚಬಹುದಿತ್ತು — ಅಬ್ ದೇಖೋ ವೈನಿ, ಓಡ್ತದೇನು? ಇಲ್ಲ, ಕೈ ನಿಂತಿತು. ಹಂಗಾರ ನೋಡೋ ಪರದೆ ಕೆಳಗ ಕ್ವಾಲಿಟಿ ಅಂತ ಐತಲ್ಲ, ಕಾಲು ಭಾಗಕ್ಕ ಇಳಸ್ರಿ, ನೋಡುವಾಗ ಅಷ್ಟ ಕಡಿಮಿ, ಆಮ್ಯಾಗ ಕಳಸೋ ವಿಡಿಯೊ ಚೊಲೋನ ಬರ್ತೈತಿ, ಇಳಿಸಿದಳು, ಅತ್ತೆಯ ಮುಖದ ಸುಕ್ಕು ಹೋಗಿ ಹಿಟ್ಟಿನ ಮುದ್ದೆಯಾಯಿತು, ಕೈ ನಿಂತಿತು. ಪೆನ್‌ಡ್ರೈವ್‌ನಾಗಿಂದ ಓಡಸಾಕತ್ತೀರೇನು? ಅದು ಸ್ಲೋ, ಕಂಪ್ಯೂಟರ್ ಒಳಗ ಕಾಪಿ ಮಾಡ್ಕೊರಿ, ಮಾಡಿದಳು, ಹಸಿರು ಪಟ್ಟಿ ಗರ್ಭಿಣಿಯ ಹಾಗೆ ನಡೆಯಿತು, ಕೈ ನಿಂತಿತು. ಪ್ರಾಕ್ಸಿ ಬನಾವೋ ವೈನಿ, ಅಂದರ ದೊಡ್ಡ ವಿಡಿಯೊದ್ದು ಒಂದ ಹಗೂರ ಡುಪ್ಲಿಕೇಟ್, ಕೆಲಸ ಮಾಡೋವಾಗ ಅಸಲಿ ಬದಲಿ ಅದನ್ನ ಕೂಡಸೋದು, ಯಾರಿಗೂ ಗೊತ್ತಾಗಂಗಿಲ್ಲ — ಹೌದೌದು, ನಿನಗಿಂತ ಚೆನ್ನಾಗಿ ಅದು ಯಾರಿಗೆ ಗೊತ್ತು, ಅಸಲಿ ಇರುವಾಗಲೇ ಬಂದು ಎಡಗಡೆ ಕೂತವಳು ನೀನು, ಎಂದು ಬಾಯಿಗೆ ಬಂದದ್ದನ್ನು ನುಂಗಿ, ಆತವಾ ಎಂದಳು, ಡುಪ್ಲಿಕೇಟೂ ಆಯಿತು, ಅದರಲ್ಲೂ ಕೈ ನಿಂತಿತು, ಗಾಳಿಯಲ್ಲಿ, ಆವಿಯ ಸಮೇತ. ಪಡಸಾಲೆಯಲ್ಲಿ ಕೂತು ಕೊತ್ತಂಬರಿ ಬಿಡಿಸುತ್ತಿದ್ದ ಅತ್ತೆಯ ದನಿ, ಯಾರ ಜೋಡಿ ಮಾತಾಡಾಕತ್ತೀ ಸೌಭಾಗ್ಯಾ, ಪೂನಮ್ಮನ? ಉಂಡಾಳೇನ ಕೇಳು. ಉಂಡಾಳೇನ ಕೇಳು! ಎದುರಿಗೇ ಇದ್ದು, ಮುಂಜಾನೆಯಿಂದ ಈ ಡಬ್ಬಿಯ ಮುಂದೆ ಉಪವಾಸ ಬಿದ್ದವಳನ್ನು ಕೇಳಿದೆಯಾ ಅತ್ತೀ, ಇಷ್ಟುದ್ದ ಮಾತು ಗಂಟಲಲ್ಲಿ ಸುತ್ತಿ, ಹೊರಗೆ ಬಂದದ್ದು ಬರೀ, ಉಂಡಾಳಂತ್ರೀ. ಆಗ ಅಲ್ಲವೆ ಪೂನಂ ಹೇಳಿದ್ದು, ವೈನಿ, ಏಕ್ ಕಾಮ್ ಕರೋ, ಒಂದ ಆ್ಯಪ್ ಕಳಸ್ತೀನಿ, ನಂಬರ್ ಹೇಳ್ರಿ, ಇಲ್ಲೇ ಕೂತು ನಿಮ್ಮ ಸ್ಕ್ರೀನ್ ನೋಡಿ ನಾನ ಸರಿ ಮಾಡ್ತೀನಿ, ಸೌಭಾಗ್ಯ ಥಟ್ಟನೆ ತಿರುಗಿ ನೋಡಿದಳು, ಪರದೆಯ ಮೇಲೆ ಅತ್ತೆ, ಅತ್ತೆಯ ಎಡಗಡೆ ಬೂದಿ ಬಣ್ಣದ ದೊಡ್ಡ ಮಸುಕು, ಮಸುಕಿನ ಅಂಚಿನಲ್ಲಿ ಎರಡು ಹಸಿರು ಬಳೆ, ಬ್ಯಾಡ ಬ್ಯಾಡ ಬ್ಯಾಡವಾ, ನಾ ನೈಟಿ ಮ್ಯಾಲೆ ಅದೀನಿ! ಅದರಾಗ ನೀವು ಕಾಣಂಗಿಲ್ರಿ ವೈನಿ, ಸ್ಕ್ರೀನ್ ಅಷ್ಟ ಕಾಣತೈತಿ, ಎಂದು ಪೂನಂ ನಕ್ಕಳು, ಆದ್ರೂ ಬ್ಯಾಡ, ನಾನ ಕಲೀತೀನಿ, ಬಾಯಿಲೆ ಹೇಳು, ಬೆವರು ಬೆನ್ನಿನಲ್ಲಿ ಉಲ್ಹಾಸ ನದಿಯಂತೆ ಹರಿಯುತ್ತಿತ್ತು.

ಠೀಕ್ ಹೈ, ವಿಡಿಯೊ ಮ್ಯಾಲೆ ನೀವು ಹಾಕಿದ ಪ್ರತಿ ಪದರಿನ ಬಾಜೂಕ ಒಂದ ಕಣ್ಣಿನ ಚಿತ್ರ ಐತಿ ನೋಡ್ರಿ, ಒಂದೊಂದ ಕಣ್ಣು ಮುಚ್ಚತ ಓಡಸ್ರಿ, ಯಾವುದು ಮುಚ್ಚಿದರ ಸರಳ ಓಡತೈತಿ ಅದ ಕಳ್ಳ, ಎಂದಳು ಪೂನಂ, ಸೌಭಾಗ್ಯ ಚೆಂಡುಹೂವಿನ ಅಂಚಿನ ಕಣ್ಣು ಮುಚ್ಚಿದಳು, ಕೈ ನಿಂತಿತು, ಬಂಗಾರದ ಅಕ್ಷರಗಳ ಕಣ್ಣು ಮುಚ್ಚಿದಳು, ರುದ್ರವ್ವನ ರೊಟ್ಟಿ ಸೌಭಾಗ್ಯನ ಸಂಸಾರ ಎಂಬ ಹೆಸರು ಅಳಿಸಿಹೋಯಿತು, ಕೈ ನಿಂತಿತು, ಬಣ್ಣ ತಿದ್ದಿದ್ದನ್ನು ಮುಚ್ಚಿದಳು, ಶಹನಾಯಿಯ ಬಾಯಿ ಮುಚ್ಚಿದಳು, ಈಗ ಮೂಲದ ಸದ್ದು ತುಂಡು ತುಂಡಾಗಿ ಕೇಳಿತು, ಪಟ್, ಆಮೇಲೆ ಏನೂ ಇಲ್ಲ, ಆಮೇಲೆ ಮತ್ತೊಂದು ಪಟ್, ಕೈ ನಿಂತಿತು. ಉಳಿದದ್ದು ಒಂದೇ ಕಣ್ಣು. ಅದು ಇರಲಾರದು, ಅಷ್ಟು ಚಂದದ ಕೆಲಸ, ಮೂಲೆಯಲ್ಲಿ ಇಷ್ಟೇ ಇಷ್ಟು ಮಸುಕು, ಅದೆಷ್ಟು ಭಾರ ಇದ್ದೀತು — ವೈನಿ, ಬ್ಲರ್ ಏನಾರ ಹಚ್ಚೀರೇನು, ಯಾರದರ ಬೆನ್ನ ಹತ್ತೋ ಅಂಥ ಮಸುಕು, ಓ ಬಹುತ್ ಖಾತಾ ಹೈ, ಎಷ್ಟ ದೊಡ್ಡ ಮಶೀನ್ ಇದ್ದರೂ ತಿಂದಹಾಕತೈತಿ, ಅವಳಿಗೆ ಗೊತ್ತಾಯಿತೆ, ಗೊತ್ತಾಗಿರಲಾರದು, ಗೊತ್ತಾಗಿಯೇ ಕೇಳಿದಳೆ, ಇಲ್ಲವಾ, ನಾ ಯಾಕ ಹಚ್ಚಲಿ, ಎನ್ನುತ್ತಲೇ ಬೆರಳು ಹೋಗಿ ಕೊನೆಯ ಕಣ್ಣು ಮುಚ್ಚಿತು, ಮಸುಕು ಆರಿತು, ಅಲ್ಲಿ ಪೂನಂ ಕೂತಿದ್ದಳು, ಮೊಣಕಾಲು ಮಡಚಿ, ಹಸಿರು ಬಳೆ, ಬಾಯಿ ಮುಚ್ಚಿಕೊಂಡು, ಕೇಳಿದವಳಂತಿಲ್ಲ, ಆಸೆಪಟ್ಟವಳಂತಿಲ್ಲ, ಹಂಚಿನ ಕಡೆ ನೋಡುತ್ತಿದ್ದಳು, ಹೆಲಿಕಾಪ್ಟರು ತಟ್ಟನೆ ತಣ್ಣಗಾಯಿತು, ಚಿತ್ರ ಎಣ್ಣೆ ಹಚ್ಚಿದಂತೆ ಓಡತೊಡಗಿತು, ಪಟಪಟ ಪಟಪಟ, ಅತ್ತೆಯ ಅಂಗೈ, ಕುಕ್ಕರಿನ ಸೀಟಿ, ರೊಟ್ಟಿ ಉಬ್ಬಿತು, ಅತ್ತೆ ಊದಿ ಊದಿ ತುಣುಕು ಮುರಿದಳು, ಕೈ ಎದ್ದಿತು, ನಿಲ್ಲಲಿಲ್ಲ — ಎಡಕ್ಕೂ ತಿರುಗಲಿಲ್ಲ, ಇದೇನು, ಸೀದಾ ಈ ಕಡೆಗೆ ಬರುತ್ತಿದೆ, ಪರದೆಯೊಳಗಿಂದ, ದೊಡ್ಡದಾಗುತ್ತ, ಬೆರಳಿನ ಗೆರೆಯಲ್ಲಿ ಕೂತ ಹಿಟ್ಟು ಕಾಣುವಷ್ಟು ದೊಡ್ಡದಾಗುತ್ತ, ಅದರ ಹಿಂದೆ ಅತ್ತೆಯ ಮುಖ, ನಗುತ್ತಿದೆಯೆ ಆ ಮುಖ, ಬಾಯಿ ತಗಿಯವ್ವಾ, ಮೊದಲ ನೀ ತೊಗೊ, ಆವಾಗಿಂದ ನಿಂತೀ, ಮತ್ತೆ ಇನ್ನೊಂದು ದನಿ, ಚೂಪಾಗಿ, ತೀರ ಹತ್ತಿರದಿಂದ, ಫೋನು ಹಿಡಿದವಳ ದನಿ, ಅಯ್ಯ ಅತ್ತೀ, ಕ್ಯಾಮರಾಕ್ಕ ಅಡ್ಡ ಬರಬ್ಯಾಡ್ರಿ, ಶೂಟಿಂಗ್ ಕೆಡತೈತಿ, ಆ ಕಡೆ ಸರಸ್ರಿ ಕೈ, ಆಕೀಗೇ ಕೊಡ್ರಿ. ಕೈ ಅಳುಕಿತು. ಎಡಕ್ಕೆ ತಿರುಗಿತು. ಯಾರು ಆ ಹೆಂಗಸು, ಅಷ್ಟು ಸಲೀಸಾಗಿ ಬೇಡ ಎಂದವಳು, ಅತ್ತೆ ತಾನಾಗಿ ಚಾಚಿದ ತುತ್ತಿಗೆ ಬಾಯಿ ತೆರೆಯದೆ ಅದನ್ನು ಅತ್ತ ದೂಡಿದ ಆ ಸೊಕ್ಕಿನವಳು ಯಾರು, ಅವಳ ಮುಖ ಒಂದು ಚೂರೂ ಕಾಣುವುದಿಲ್ಲ, ಬರೀ ದನಿ, ಪೂನಂ ಮೇಲೆ ಎಂದೂ ಬರದಷ್ಟು ಉರಿ ಬಂತು ಅವಳ ಮೇಲೆ, ಆ ತುತ್ತು ಅವಳಿಗೆ ಬಂದದ್ದಲ್ಲವೆ, ಅವಳಿಗೇ ಬಂದದ್ದು. ಚಲ್ ಗಯಾ ನಾ ವೈನಿ? ಯಾವ ಪದರಿತ್ತು ಕಳ್ಳ? ಹಲೋ, ವೈನೀ? ಸೌಭಾಗ್ಯ ಹಿಂದಕ್ಕೆ ಎಳೆದಳು, ಓಡಿಸಿದಳು, ಕೈ ಬಂತು, ದನಿ ಬಂತು, ಕೈ ತಿರುಗಿತು, ಮತ್ತೆ ಎಳೆದಳು, ಬಾಯಿ ತಗಿಯವ್ವಾ, ದನಿ ಬಂತು, ತಿರುಗಿತು, ಮತ್ತೆ ಎಳೆದಳು, ಮೊದಲ ನೀ ತೊಗೊ — ಆ ಚೂಪು ದನಿ ಬಾಯಿ ಬಿಡುವ ಮೊದಲೇ ತಾನಾಗಿ ಸ್ಪೇಸ್ ಗುಂಡಿ ಒತ್ತಿ ಚಿತ್ರವನ್ನು ನಿಲ್ಲಿಸಿದಳು, ಪರದೆಯ ತುಂಬ ಕೈ, ಹಿಟ್ಟು ಮೆತ್ತಿದ ಕೈ, ಎರಡು ಬೆರಳು, ನಡುವೆ ತುಣುಕು, ಆವಿ