ಮಾವನ ಅಳತೆಯ ಕೋವಿ

ಅತ್ತೆಯ ಹೊಸ ಕೋಟಿಗೆ ಅಳತೆ ತೆಗೆಯುತ್ತಿದ್ದೆ. ಟೇಪು ಬಲತೋಳಿನ ಬುಡಕ್ಕೆ ತಾಗಿದ್ದೇ ತಡ, ಅವರು ಹಲ್ಲು ಕಚ್ಚಿ ಉಸಿರು ಒಳಗೆಳೆದುಕೊಂಡರು. ಮದುವೆಗೆ ಮುಂಚಿನಿಂದಲೂ ದರ್ಜಿ ಕೆಲಸ ಮಾಡುತ್ತಿರುವವಳು ನಾನು. ಬಟ್ಟೆಯ ಟೇಪಿನಿಂದ ಯಾರಿಗೂ ನೋವಾದದ್ದನ್ನು ಕಂಡಿಲ್ಲ. ರವಿಕೆಯ ಅಂಚು ಸರಿಸಿ ನೋಡಿದೆ. ತೋಳು ಭುಜಕ್ಕೆ ಸೇರುವ ಕಡೆ, ನಾವು ತೋಳಿನ ಹೊಲಿಗೆ ಹಾಕುತ್ತೇವಲ್ಲ, ಸರಿಯಾಗಿ ಆ ಗೆರೆಯ ಮೇಲೆ ಬದನೆಕಾಯಿ ಬಣ್ಣದ ಕಲೆ.

"ಇದೇನತ್ತೆ?"

"ಬಾಗಿಲು ತಾಗಿತು."

"ಬಾಗಿಲು ದಿನಾ ಒಂದೇ ಜಾಗಕ್ಕೆ ತಾಗುತ್ತಾ? ಅಂಚಲ್ಲಿ ಹಳೇದು ಹಳದಿ ಆಗಿದೆ, ಮಧ್ಯದಲ್ಲಿ ಹೊಸದು ನೀಲಿ ಇದೆ."

"ನೀನು ಅಳತೆ ತೆಗಿ, ತನಿಖೆ ಮಾಡಬೇಡ," ಎಂದರು ಅತ್ತೆ. ಆಮೇಲೆ ನನ್ನ ಅಂಗಡಿಯ ಬಾಗಿಲ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿದರು. "ಗುಂಡು ಹಾರಿಸೋವಾಗ ಕೋವಿ ಒದ್ದಿದ್ದು. ನಿಮ್ಮ ಮಾವಂಗೆ ಹೇಳಿದ್ರೆ ನಿನ್ನ ಜೊತೆ ಮಾತು ಬಿಟ್ಟೆ ಅಂತ ತಿಳ್ಕೋ."

ಕೋವಿ ಅಂದರೆ ಮಾವನ ಬೇಟೆಯ ರೈಫಲ್. ಊರ ಹಿಂದಿನ ಕಾಡಿನಿಂದ ಆಲೂಗೆಡ್ಡೆ ಹೊಲಗಳಿಗೆ ನುಗ್ಗುವ ಹಂದಿಗಳನ್ನು ಹೊಡೆಯಲು ಅರಣ್ಯ ಕಚೇರಿ ಕೆಲವರಿಗೆ ಪರವಾನಗಿ ಕೊಡುತ್ತದೆ. ಆ ಕೆಲವರಲ್ಲಿ ಮಾವನ ಕೈ ಎತ್ತಿದ ಕೈ. ಆದರೆ ಹೋದ ವರ್ಷ ಅವರ ಕಣ್ಣಿನ ನಡುಭಾಗ ಮಸುಕಾಯಿತು. ಪಕ್ಕದಲ್ಲಿರುವುದು ಅಷ್ಟಿಷ್ಟು ಕಾಣುತ್ತದೆ, ನೇರ ನೋಡಿದ್ದು ಮಾತ್ರ ಕಾಣುವುದಿಲ್ಲ. ಇನ್ನು ಸರಿಹೋಗುವುದಿಲ್ಲವೆಂದು ಡಾಕ್ಟರು ಅತ್ತೆಯನ್ನು ಹೊರಗೆ ಕರೆದು ಹೇಳಿದ್ದರು. ಪರವಾನಗಿ ರದ್ದಾಯಿತು. ಮನೆಯಲ್ಲಿ ಬೇರೆ ಯಾರಾದರೂ ಪರವಾನಗಿ ಪಡೆಯದಿದ್ದರೆ ಕೋವಿಯನ್ನೂ ಕಚೇರಿಗೆ ಒಪ್ಪಿಸಬೇಕಿತ್ತು.

ಆಗ, ಅದುವರೆಗೆ ಕೋವಿಯ ಧೂಳು ಒರೆಸಿದ್ದು ಬಿಟ್ಟರೆ ಮುಟ್ಟಿಯೂ ನೋಡದಿದ್ದ ನಮ್ಮ ಅತ್ತೆ, ನಾನು ಕಲಿಯುತ್ತೇನೆ ಎಂದರು. ಲಾರಿ ಓಡಿಸುವ ನನ್ನ ಗಂಡ ನಕ್ಕಿದ್ದೇ ನಕ್ಕಿದ್ದು. ಮಾವ ಬಾಗಿಲ ಚೌಕಟ್ಟಿಗೆ ತಲೆ ತಾಗಿಸಿಕೊಳ್ಳುವಷ್ಟು ಎತ್ತರದ ಆಳು. ಅತ್ತೆ ಅವರ ಅಂಗಿಯ ಮೂರನೇ ಗುಂಡಿಯ ತನಕ ಬರುತ್ತಾರೆ, ಅದೂ ಚಪ್ಪಲಿ ಹಾಕಿಕೊಂಡರೆ. ಮಾವ ಅವರನ್ನು ಕರೆಯುವುದೇ ಬಟಾಣಿ ಎಂದು.

"ಕೋವಿ ಹೋದ್ರೆ ಅವರು ಸಂಜೆ ಎಲ್ಲಿಗೆ ಹೋಗ್ತಾರೆ ಹೇಳು," ಎಂದರು ಅತ್ತೆ, ನಾನು ಕಲೆಗೆ ಎಣ್ಣೆ ಸವರುತ್ತಿದ್ದಾಗ. "ಕುರ್ಚಿ ಹಿಡಿದು ಕೂತ್ರೆ ಮತ್ತೆ ಏಳೋ ಜೀವ ಅಲ್ಲ ಅದು. ನಾನು ಪಾಸಾದ್ರೆ ಇಬ್ಬರೂ ಹೊಲದ ಅಂಚಿಗೆ ಹೋಗ್ತೀವಿ. ಕಿವಿ ಅವರದು, ಕಣ್ಣು ನನ್ನದು. ಬರೋ ಭಾನುವಾರ ಪರೀಕ್ಷೆ. ಅಲ್ಲೀವರೆಗೆ ಈ ಭುಜ ತಡ್ಕೊಂಡ್ರೆ ಸಾಕು."

ಭುಜದ ವಿಷಯ ನನಗೆ ಬಿಟ್ಟುಬಿಡಿ ಎಂದೆ. ಬಟ್ಟೆಯಿಂದ ಸರಿಮಾಡಲಾಗದ ಕಷ್ಟ ಈ ಲೋಕದಲ್ಲಿ ಇಲ್ಲವೆಂದು ನಂಬಿದ್ದ ಕಾಲ ಅದು. ಹತ್ತಿಯ ಮೇಲೆ ಹತ್ತಿ ಹಾಸಿ, ಅಡ್ಡಡ್ಡ ಉದ್ದುದ್ದ ಹೊಲಿದು, ಹಳೆಯ ಜಾಕೆಟ್ಟಿನ ಬಲಭುಜದೊಳಗೆ ಒಂದು ಮೆತ್ತೆ ಕೂರಿಸಿದೆ. ಅಷ್ಟು ಅಚ್ಚುಕಟ್ಟಾದ ಕೆಲಸ ನಾನು ಗಿರಾಕಿಗಳಿಗೂ ಮಾಡಿಕೊಟ್ಟಿರಲಿಲ್ಲ.

ಮಾರನೆಯ ದಿನ ಅದರ ವೈಭವ ನೋಡಲು ನಾನೂ ಅವರ ಜೊತೆ ಹೋದೆ. ಪಾಳುಬಿದ್ದ ಕಲ್ಲುಕ್ವಾರಿಯೊಂದನ್ನು ಕಚೇರಿಯವರು ಗುರಿ ಅಭ್ಯಾಸಕ್ಕೆ ಬಿಟ್ಟುಕೊಟ್ಟಿದ್ದರು. ಮಾವ ಮಡಚುವ ಸ್ಟೂಲಿನ ಮೇಲೆ ಕುಳಿತು, ಬೆರಳಿನಿಂದಲೇ ತಡವಿ ತೋಟಾ ತುಂಬಿ ಕೋವಿ ಕೊಡುತ್ತಿದ್ದರು. ಸದ್ದು ತಡೆಯಲು ಮೂವರ ಕಿವಿಗೂ ಮುಚ್ಚಳ.

"ಒದೆಯೋದನ್ನ ತಡೆಯೋಕೆ ಹೋಗಬೇಡ ಬಟಾಣಿ. ತಡೆದಷ್ಟೂ ಜೋರಾಗಿ ತಾಗುತ್ತೆ. ಸ್ವಲ್ಪ ಮುಂದಕ್ಕೆ ಬಾಗು, ಕೋವಿ ಹಿಂದಿನ ಮರಾನ ಭುಜದ ಗುಳಿಗೆ ಒತ್ತಿ ಹಿಡಿ. ಟ್ರಿಗರ್ ಎಳೀಬೇಡ, ನಿಂಬೆಹಣ್ಣು ಹಿಂಡಿದ ಹಾಗೆ ಹಿಂಡು. ಅದು ತಳ್ಳಿದಾಗ ಅದರ ಜೊತೆ ನೀನೂ ಹೋಗು."

ಅತ್ತೆ ತಲೆಯಾಡಿಸಿ ಗುಂಡು ಹಾರಿಸಿದರು. ಕಲ್ಲಿನ ಗೋಡೆಯಿಂದ ಸದ್ದು ತಿರುಗಿ ಬಂತು. ಗುರಿಯ ಹಲಗೆಗೆ ಏನೂ ಆಗಲಿಲ್ಲ. ಅತ್ತೆ ಮಾತ್ರ ತೋಳು ಹಿಡಿದುಕೊಂಡರು. ನನ್ನ ಮೆತ್ತೆ ಹಾಕಿದ ಮೇಲೂ, ಅಲ್ಲ, ಹಾಕಿದ್ದಕ್ಕೇ, ನೋವು ಹೆಚ್ಚಾದಂತಿತ್ತು. ಮತ್ತೊಂದು ಗುಂಡು, ಮತ್ತದೇ ಕತೆ.

ಮೂರನೆಯ ಸಲ ಕೋವಿ ಕೊಟ್ಟ ಮಾವ ತಮ್ಮ ಕಿವಿಯ ಮುಚ್ಚಳ ತೆಗೆದು ಮಡಿಲಲ್ಲಿ ಇಟ್ಟುಕೊಂಡರು. ಯಾಕೆಂದು ನನಗೆ ಹೊಳೆಯಲಿಲ್ಲ. ಅತ್ತೆ ಟ್ರಿಗರ್ ಒತ್ತಿದರು. ಬರೀ ಟಿಕ್ ಎಂದಿತು. ಸದ್ದಿಲ್ಲ, ಒದೆತವಿಲ್ಲ. ಆದರೂ ಅತ್ತೆಯ ಕಣ್ಣು ಬಿಗಿಯಾಗಿ ಮುಚ್ಚಿತ್ತು, ಭುಜ ಹಿಂದಕ್ಕೆ ಜಿಗಿದಿತ್ತು, ಕೋವಿಯ ಮೂತಿ ನೆಲ ನೋಡುತ್ತಿತ್ತು. ಮಾವ ಮದ್ದಿಲ್ಲದ ಖಾಲಿ ತೋಟಾ ಹಾಕಿ ಕೊಟ್ಟಿದ್ದರು.

"ಏನಾಯ್ತು?" ಎಂದು ಮಾವ ನನ್ನನ್ನು ಕೇಳಿದರು.

ಅತ್ತೆ ನನ್ನ ಮುಖ ನೋಡಿದರು. ಆ ನೋಟ ಕಂಡ ಮೇಲೆ ನಿಜ ಹೇಳುವುದಕ್ಕೆ ನನ್ನದೇನು ಕಲ್ಲಿನ ಎದೆಯೇ?

"ಏನೂ ಆಗಲಿಲ್ಲ ಮಾವ," ಎಂದೆ.

"ಹೌದಾ? ನನ್ನ ಕಣ್ಣು ಹೋಗಿದೆ ತಾಯಿ, ಕಿವಿ ಹೋಗಿಲ್ಲ. ಒತ್ತೋಕೆ ಮುಂಚೇನೇ ಅವಳು ಉಸಿರು ಎಳ್ಕೊಂಡಳು. ಭಾನುವಾರ ಆಫೀಸರೂ ಹೇಳದೇ ಕೇಳದೇ ಒಂದು ಖಾಲಿ ತೋಟಾ ಹಾಕ್ತಾರೆ. ಕಣ್ಣು ಮುಚ್ಚೋರ ಕೈಗೆ ಕೋವಿ ಕೊಡಬಾರದು ಅಂತ. ಆ ತೋಟಾದಲ್ಲೇ ಫೇಲ್ ಮಾಡಿಬಿಡ್ತಾರೆ."

ಅವರು ಎದ್ದು ಬಂದು ಅತ್ತೆಯ ಭುಜ ತಡವಿದರು. ಮೆತ್ತೆ ಸಿಕ್ಕಿತು. ಬೆರಳಿನಿಂದ ಒತ್ತಿ ಒತ್ತಿ ನೋಡಿ, "ಇದ್ಯಾರ ಹಾಸಿಗೆ ಇಲ್ಲಿ ಹಾಸಿದ್ದೀರಿ?" ಎಂದರು. ಆ ಸ್ಥಿತಿಯಲ್ಲೂ ಅತ್ತೆಗೆ ನಗು ಬಂತು. ನನಗೆ ಮಾತ್ರ ಮೈಯೆಲ್ಲ ಉರಿಯಿತು, ಯಾಕೆಂದರೆ ಆಗಲೇ ನನ್ನ ದಡ್ಡತನ ನನಗೆ ಕಾಣಿಸಿತ್ತು. ಕೋವಿಯ ಹಿಂದಿನ ಮರ ಕೂರಬೇಕಾದದ್ದು ಹೊಲಿಗೆಯ ಗೆರೆಯ ಒಳಗೆ, ಎದೆಯ ಕಡೆಯ ಗುಳಿಯಲ್ಲಿ. ಅತ್ತೆಯ ಕೈಗೆ ಆ ಮರ ಉದ್ದ. ಟ್ರಿಗರ್ ಎಟುಕಿಸಿಕೊಳ್ಳಲು ಅವರು ಕೋವಿಯನ್ನು ಹೊರಗೆ, ತೋಳಿನ ಮೇಲೆ ಇಟ್ಟುಕೊಳ್ಳುತ್ತಿದ್ದರು. ನಾನು ದಪ್ಪ ಮೆತ್ತೆ ಹಾಕಿ ಅದನ್ನು ಇನ್ನಷ್ಟು ಉದ್ದ ಮಾಡಿದ್ದೆ. ತೋಳು ಉದ್ದವಾಯಿತೆಂದು ಬಂದ ಗಿರಾಕಿಗೆ ಇನ್ನೊಂದು ಪಟ್ಟಿ ಜೋಡಿಸಿ ಕಳಿಸಿದ ಹಾಗೆ.

"ಕೋವಿ ನಿಮ್ಮ ಅಳತೇದು ಮಾವ," ಎಂದೆ. "ಅತ್ತೆ ನಿಮ್ಮ ಕೋಟು ಹಾಕ್ಕೊಂಡ ಹಾಗಾಗಿದೆ. ಹಿಂದಿನ ಮರ ಎರಡು ಬೆರಳಷ್ಟು ಕತ್ತರಿಸಿದ್ರೆ..."

"ಮರಕ್ಕೆ ಕೈ ಹಚ್ಚಿದ್ರೆ ನೋಡು," ಎಂದರು ಅತ್ತೆ. ಅವರು ಅಷ್ಟು ಗಡುಸಾಗಿ ನನ್ನೊಂದಿಗೆ ಎಂದೂ ಮಾತಾಡಿರಲಿಲ್ಲ.

ಮನೆಗೆ ಬಂದ ಮೇಲೂ ಮುಖ ಊದಿಸಿಕೊಂಡೇ ಇದ್ದರು. ಅಡುಗೆಮನೆಯಲ್ಲಿ ಪಾತ್ರೆ ಒರೆಸುತ್ತಾ ನಾನೇ ಕೆದಕಿದೆ. ಆಗ ಹೇಳಿದರು. ದಿನಾ ಸಂಜೆ ಮಾವ ಒಬ್ಬರೇ ಒಳಕೋಣೆಗೆ ಹೋಗಿ, ಖಾಲಿ ಕೋವಿಯನ್ನು ಭುಜಕ್ಕೇರಿಸಿ, ಗೋಡೆಯ ಕಡೆ ಹಿಡಿದು ನಿಲ್ಲುತ್ತಾರಂತೆ. ಆಮೇಲೆ ಒರೆಸಿ ಇಡುತ್ತಾರಂತೆ.

"ಕಣ್ಣು ಬರುತ್ತೆ ಅಂತ ಅವರ ಮನಸ್ಸಲ್ಲಿ ಎಲ್ಲೋ ಇದೆ. ಮರ ಕತ್ತರಿಸಿದ್ರೆ ನಾನೇ ನನ್ನ ಬಾಯಿಂದ, ಇಲ್ಲ ರೀ, ಬರಲ್ಲ ಅಂದ ಹಾಗಾಗುತ್ತೆ. ಅದಕ್ಕಿಂತ ಭುಜ ಹೋಗ್ಲಿ ಬಿಡು."

ನಡುಮನೆಯಲ್ಲಿ ಮಾವನ ಕುರ್ಚಿ ಕಿರ್ರೆಂದಿತು. ಅವರ ಕಿವಿ ಎಷ್ಟು ಚುರುಕೆಂದು ನಮಗಿಬ್ಬರಿಗೂ ಆಗಲೇ ನೆನಪಾಗಬೇಕಿತ್ತು.

ಮರುದಿನ ಅತ್ತೆ ಪೇಟೆಗೆ ಹೋದ ಹೊತ್ತು ನೋಡಿ, ಮಾವ ಕೋವಿಯ ಚೀಲ ಹೆಗಲಿಗೇರಿಸಿ ನನ್ನ ಅಂಗಡಿಯ ಬಾಗಿಲಲ್ಲಿ ನಿಂತರು. "ಟೇಪು ತಗೋ. ಬಟಾಣಿ ಅಳತೆ ಚೀಟೀನೂ ತಗೋ. ರಿಪೇರಿಯವನ ಹತ್ರ ಹೋಗೋಣ."

ಕೋವಿ ರಿಪೇರಿಯವನ ಅಂಗಡಿ ಒಂದು ಉದ್ದನೆಯ ಕೋಣೆ, ತುಂಬಾ ಎಣ್ಣೆಯ ವಾಸನೆ. ನಾನು ಅತ್ತೆಯ ಮೊಣಕೈ ಮಡಿಕೆಯಿಂದ ಬೆರಳಿನವರೆಗಿನ ಅಳತೆ ಹೇಳಿದೆ. ಅವನು ಮರದ ಮೇಲೆ ಪೆನ್ಸಿಲ್ ಗೆರೆ ಎಳೆದ.

"ಕತ್ತರಿಸಿದ ಮೇಲೆ ಮತ್ತೆ ಅಂಟಿಸೋಕಾಗಲ್ಲ ಯಜಮಾನ್ರೇ. ಯೋಚನೆ ಮಾಡಿ," ಎಂದ.

ಮಾವ ಬೆರಳಿನಿಂದ ಆ ಗೆರೆ ಹುಡುಕಿದರು. ಪೆನ್ಸಿಲ್ ಗೆರೆ ಬೆರಳಿಗೆ ಸಿಗುವುದಿಲ್ಲ, ನಾನೇ ಅವರ ಕೈ ಹಿಡಿದು ತೋರಿಸಿದೆ. ಆಮೇಲೆ ಕೋವಿ ಎತ್ತಿ ಭುಜಕ್ಕಿಟ್ಟು, ಖಾಲಿ ಗೋಡೆಯ ಕಡೆ ಹಿಡಿದು ನಿಂತರು. ರಿಪೇರಿಯವನು ಗರಗಸ ಕೆಳಗಿಟ್ಟು ಕಾದ. ಅವರು ಅಷ್ಟು ನೆಟ್ಟಗೆ, ಅಷ್ಟು ಚೆಂದ ನಿಂತಿದ್ದರು.

"ಹ್ಞೂಂ, ಕತ್ತರಿಸಪ್ಪ," ಎಂದರು.

ಮರ ಕತ್ತರಿಸಿ, ತುದಿಗೆ ರಬ್ಬರಿನ ತಟ್ಟೆ ಕೂರಿಸಿ, ಗುರಿ ನೋಡಲು ಕೋವಿಯ ಮೇಲಿದ್ದ ದುರ್ಬೀನನ್ನು ತುಸು ಮುಂದಕ್ಕೆ ಸರಿಸಿ ಅವನು ಕೊಟ್ಟಾಗ, ಮಾವ ಅಭ್ಯಾಸಬಲದಿಂದ ಮತ್ತೆ ಭುಜಕ್ಕೇರಿಸಿದರು. ಮರ ಗಿಡ್ಡವಾಗಿದ್ದರಿಂದ ಅವರ ಹೆಬ್ಬೆರಳೇ ಅವರ ಮೂಗಿಗೆ ಗುದ್ದಿತು. ಮಾವ ಮೂಗು ಉಜ್ಜಿಕೊಂಡು ಜೋರಾಗಿ ನಕ್ಕರು. "ನೋಡು, ಆಗಲೇ ಹೆಂಡತಿ ಕಡೆ ಸೇರ್ಕೊಂಡಿದೆ."

ಸಂಜೆ ಅತ್ತೆ ಕೋವಿ ಕಂಡು ಕುದಿದುಹೋದರು. "ಯಾರನ್ನ ಕೇಳಿ ಕತ್ತರಿಸಿದ್ರಿ?"

"ನನ್ನ ಕೋವಿ, ನಾನು ಕತ್ತರಿಸ್ದೆ."

"ನಾಳೆ ನಿಮ್ಮ ಕಣ್ಣು ಸರಿಹೋದ್ರೆ?"

"ಹೋಗಲ್ಲ ಬಟಾಣಿ. ಡಾಕ್ಟರು ನಿನ್ನನ್ನ ಹೊರಗೆ ಕರೆದು ಹೇಳಿದ್ದು ಒಳಗಿದ್ದ ನನಗೂ ಕೇಳಿಸ್ತು. ನೀನು ಮುಚ್ಚಿಟ್ಟೆ, ಸರಿ, ನಾನೂ ಸುಮ್ಮನಾದೆ. ಆದರೆ ನನ್ನ ಆಸೆಗೆ ನೀನು ದಿನಾ ಒದೆ ತಿಂತೀಯ ಅಂತ ಗೊತ್ತಿರಲಿಲ್ಲ. ನನಗೆ ಉದ್ದದ ಕೋವಿ ಬೇಡ ಕಣೇ. ನೀನು ಬೇಕು, ಭುಜ ಸಮೇತ."

ಅತ್ತೆ ಗೋಡೆಯ ಕಡೆ ತಿರುಗಿ ಸೆರಗಿನಲ್ಲಿ ಮುಖ ಒರೆಸಿಕೊಂಡರು. ತುಂಬಾ ಹೊತ್ತಾದ ಮೇಲೆ ಕೋವಿ ಎತ್ತಿ ಭುಜಕ್ಕಿಟ್ಟು ನೋಡಿದರು. ಅದು ಹೊಲಿಗೆಯ ಗೆರೆ ದಾಟಿ ಒಳಗೆ, ತನ್ನ ಜಾಗದಲ್ಲಿ ಹೋಗಿ ಕೂತಿತು.

ಭಾನುವಾರ ಅತ್ತೆ ನಾನು ಹೊಲಿದ ಹೊಸ ಕೋಟು ಹಾಕಿಕೊಂಡರು. ಅದರ ಭುಜದೊಳಗೆ ಒಂದು ಎಳೆ ಹತ್ತಿಯೂ ಇರಲಿಲ್ಲ. ಕ್ವಾರಿಯ ಹಗ್ಗದಾಚೆ, ಹಿಂದಿನ ಬೆಂಚಿನಲ್ಲಿ ಮಾವನೂ ನಾನೂ ಕುಳಿತೆವು. ಆಫೀಸರು ತಾವೇ ತೋಟಾ ತುಂಬಿ ಕೊಡುತ್ತಿದ್ದರು. ಗುಂಡು ಹಾರಿತು, ಹಲಗೆಯ ನಡುವೆ ತೂತು. ಇನ್ನೊಂದು ಹಾರಿತು, ಅದರ ಪಕ್ಕದಲ್ಲೇ ತೂತು. ಪ್ರತಿ ಸಲವೂ ಅತ್ತೆ ಮುಂದಕ್ಕೆ ಬಾಗಿ, ತಳ್ಳಿದಷ್ಟು ಹಿಂದೆ ಹೋಗಿ, ಮತ್ತೆ ಮೊದಲಿನಂತೆ ನಿಲ್ಲುತ್ತಿದ್ದರು.

ಆಮೇಲೆ ಒಮ್ಮೆ ಆಫೀಸರು ಹಿಂದೆ ಸರಿದು ಕೈಕಟ್ಟಿ ನಿಂತರು. ಗುಂಡಿನ ಸದ್ದು ಬರಲಿಲ್ಲ, ಬರೀ ಟಿಕ್.

ಮಾವ ನನ್ನ ಕೈ ಹಿಡಿದುಕೊಂಡರು. "ಏನಾಯ್ತು?"

ನಾನು ನೋಡಿದೆ. ಕೋವಿಯ ಮೂತಿ ಹಲಗೆಯ ಕಡೆಗೇ ಇತ್ತು. ಅತ್ತೆಯ ಕಣ್ಣು ತೆರೆದೇ ಇತ್ತು. ಕೋಟಿನ ಭುಜದಲ್ಲಿ ಒಂದು ಸುಕ್ಕೂ ಎದ್ದಿರಲಿಲ್ಲ.

"ಏನೂ ಆಗಲಿಲ್ಲ ಮಾವ," ಎಂದೆ.

ಮಾವ ನನ್ನ ಕಡೆ ತಲೆ ವಾಲಿಸಿ, ನಾನು ಉಸಿರಾಡುವುದನ್ನು ಒಂದು ಗಳಿಗೆ ಕೇಳಿಸಿಕೊಂಡರು. ಆಮೇಲೆ ನನ್ನ ಕೈ ಬಿಟ್ಟು, ಹೆಂಡತಿ ಬಂದು ಕೂರಲೆಂದು ಬೆಂಚಿನಲ್ಲಿ ಪಕ್ಕಕ್ಕೆ ಸರಿದರು.