ಜೋಕಾಲಿಗೆ ಹೊರಟ ಮೋಟಾರು

ಹಿಂದಿನ ಸಲ ಸವಣೂರಿನ ತವರಿನಿಂದ ಮರಳುವಾಗ ಸುಶೀಲವ್ವ ಮೋಟಾರಿನಲ್ಲಿ ವಾಂತಿ ಮಾಡಿಕೊಂಡಿದ್ದಳು. ಹಾನಗಲ್ಲಿನಲ್ಲಿ ಇಳಿದ ಸೊಸೆಯ ಬಾಡಿದ ಮುಖ ಕಂಡು ಹಾಲವ್ವನಿಗೆ ಹಿಡಿಸಲಾರದ ಹಿಗ್ಗು. ಸೊಸೆ ಬಸುರಿಯೆಂದು ಸಂಜೆಯೊಳಗೆ ಓಣಿಗೆಲ್ಲ ಸಕ್ಕರೆ ಹಂಚಿಬಿಟ್ಟಳು.

"ಅತ್ತೀ, ಅದು ಮೋಟಾರಿನಿಂದ ಆಗಿದ್ದುರೀ," ಎಂದರೆ ಕೇಳುವವರಾರು?

ಈಗ ಪಂಚಮಿ ಬಂತು. ತವರಿನ ಹುಣಸೆಮರಕ್ಕೆ ಜೋಕಾಲಿ ಕಟ್ಟಿದ್ದಾರೆಂಬ ಸುದ್ದಿ ಕೇಳಿದಾಗಿನಿಂದ ಸುಶೀಲವ್ವನ ಜೀವ ಅಲ್ಲೇ ತೂಗಾಡುತ್ತಿತ್ತು. ಅತ್ತೆ ಮಾತ್ರ ಕಟ್ಟುನಿಟ್ಟು.

"ಬಸುರಿಗೆ ಜೋಕಾಲಿ ಎಂಥಾದ್ದ? ನಾನೂ ಬರ್ತೇನಿ. ದಾರ್ಯಾಗ ಒಮ್ಮೆ ಓಕರಿಸಿದರೂ ನಡುವಿನ ಬಂಕಾಪುರದಿಂದ ವಾಪಸ್!"

ಹೊರಡುವ ಮುನ್ನ ಹಾಲವ್ವ ಬೆಣ್ಣೆ ಹಚ್ಚಿದ ರೊಟ್ಟಿ, ಶೇಂಗಾ ಉಂಡಿ, ಎಳ್ಳುಂಡಿ ಮುಂದಿಟ್ಟಳು. ಸುಶೀಲವ್ವ ಅರ್ಧ ರೊಟ್ಟಿಗೇ ಎದ್ದಳು. ಸೊಸೆ ಬಿಟ್ಟದ್ದನ್ನೆಲ್ಲ ಅತ್ತೆಯೇ ಪೂರೈಸಿದಳು. ಜೀವಮಾನವೆಲ್ಲ ಎತ್ತಿನ ಚಕ್ಕಡಿಯಲ್ಲೇ ಓಡಾಡಿದ ಹಾಲವ್ವನಿಗೆ ಮೋಟಾರು ಇದೇ ಮೊದಲು.

ಡ್ರೈವರ್ ಹಸನಸಾಬನ ಮೋಟಾರು ಊರು ದಾಟಿತು. ಹೊಸ ಸೊಸೆಯಾದವಳು ಸೆರಗನ್ನು ಮೂಗಿನವರೆಗೆ ಎಳೆದುಕೊಂಡು ತನ್ನ ಮೊಣಕಾಲನ್ನೇ ನೋಡುತ್ತ ಕೂಡಬೇಕು; ಅದು ಮನೆತನದ ಪದ್ಧತಿ. ಸುಶೀಲವ್ವ ಹಾಗೇ ಕೂತಳು. ಮೊದಲು ಆಕಳಿಕೆ ಬಂತು. ಬಾಯಲ್ಲಿ ಹುಳಿನೀರೂರಿತು. ಹಣೆಯ ಮೇಲೆ ತಣ್ಣನೆಯ ಬೆವರು. ಮುಗಿಯಿತು, ಜೋಕಾಲಿ ಕೈತಪ್ಪಿತು!

ಮುಗಿಲು ಮುಟ್ಟುವಷ್ಟು ಜೀಕಿದರೂ ಜೋಕಾಲಿಯಲ್ಲಿ ಎಂದೂ ಹೊಟ್ಟೆ ತೊಳಸಿದ್ದಿಲ್ಲ, ಇಲ್ಲೇಕೆ ಹೀಗೆ? ಆಗ ಅಜ್ಜಿ ಹೇಳುತ್ತಿದ್ದ ಗಾಳಿಕುದುರೆಯ ಕತೆ ನೆನಪಾಯಿತು. ಬೆಟ್ಟ ಹಾರುವಾಗ ಕುದುರೆ ರಾಜಕುಮಾರಿಗೆ ಹೇಳುತ್ತದೆ: "ತಂಗೀ, ನನ್ನ ಗೊರಸು ನೋಡಿದರ ತಲಿ ತಿರಗತೈತಿ. ಹೋಗೂ ಊರಿನ ದೀಪ ನೋಡು."

ಸುಶೀಲವ್ವ ಮೆಲ್ಲನೆ ಸೆರಗು ಸರಿಸಿದಳು. ಹಸನಸಾಬನ ಹೆಗಲಾಚೆ, ದಾರಿಯ ತುದಿಯ ಆಲದಮರಕ್ಕೆ ಕಣ್ಣು ನೆಟ್ಟಳು. ಕಿಟಕಿಯ ಗಾಳಿ ಮುಖಕ್ಕೆ ಬಡಿಯಿತು. ಮರ ಹತ್ತಿರ ಬಂದರೆ ಅದರಾಚೆಯ ಗುಡ್ಡ. ಹೊಟ್ಟೆ ಮೆಲ್ಲಮೆಲ್ಲನೆ ತಣ್ಣಗಾಯಿತು.

"ನಾಚಿಕಿಲ್ಲೇನ? ತಲಿ ತಗ್ಗಸು!" ಹಾಲವ್ವ ಚಿವುಟಿದಳು. "ನನ್ನ ನೋಡಿ ಕಲಿ," ಎಂದು ತಾನೇ ತಲೆ ಬಗ್ಗಿಸಿ, ಬೀಗರಿಗೆಂದು ತಂದು ತೊಡೆಯ ಮೇಲಿಟ್ಟುಕೊಂಡಿದ್ದ ಉಂಡಿಬುಟ್ಟಿಯನ್ನು ದಿಟ್ಟಿಸುತ್ತ ಕೂತಳು.

ಸ್ವಲ್ಪ ಹೊತ್ತಿಗೆ ಬೈಗುಳ ನಿಂತಿತು. ಹಾಲವ್ವ ಆಕಳಿಸಿದಳು. ಮತ್ತೆ ಆಕಳಿಸಿದಳು. ಉಗುಳು ನುಂಗಿದಳು.

"ಅತ್ತೀ, ದೂರ ನೋಡ್ರಿ. ಆ ಗುಡ್ಡ ನೋಡ್ರಿ."

"ಸುಮ್ನ ಕುಂದ್ರ. ನನಗೇನಾಗೈತಿ..."

ಮಾತು ಮುಗಿಯಲಿಲ್ಲ. ಸುಶೀಲವ್ವ ಅತ್ತೆಯ ಹಣೆ ಹಿಡಿದು ಕಿಟಕಿಯತ್ತ ಬಾಗಿಸಿದಳು. ತಿಂದಿದ್ದ ರೊಟ್ಟಿ, ಬೆಣ್ಣೆ, ಉಂಡಿ ಎಲ್ಲವೂ ದಾರಿಯ ಪಾಲಾಯಿತು.

ಪಕ್ಕದಲ್ಲಿ ವೀಳ್ಯದೆಲೆ ಮಾರಿ ಖಾಲಿಯಾದ ಬುಟ್ಟಿ ಇಟ್ಟುಕೊಂಡು ಕೂತಿದ್ದ ಸವಣೂರಿನ ನೂರಜಹಾನ ಕಣ್ಣರಳಿಸಿದಳು. ಮೋಟಾರು ಹತ್ತಿದಾಗಿನಿಂದ ಹಾಲವ್ವ ಸೊಸೆಯ ಬಸಿರಿನ ಕತೆಯನ್ನೂ ಬಂಕಾಪುರದ ಕರಾರನ್ನೂ ಎಲ್ಲರಿಗೂ ಸಾರಿದ್ದಳಲ್ಲ!

"ಹಾಲಕ್ಕಾ, ಸಿಹಿ ಸುದ್ದಿ! ಎಷ್ಟನೇ ತಿಂಗಳ್ರೀ?"

ಮೋಟಾರಿಗೆ ಮೋಟಾರೇ ನಕ್ಕಿತು. ಸುಶೀಲವ್ವ ಸೆರಗನ್ನು ಮತ್ತೆ ಮೂಗಿನವರೆಗೆ ಎಳೆದುಕೊಂಡಳು, ಈ ಸಲ ನಗು ಮುಚ್ಚಿಕೊಳ್ಳಲು.

ಬಂಕಾಪುರದಲ್ಲಿ ಹಸನಸಾಬ ಹಿಂದೆ ತಿರುಗಿದ. "ಯವ್ವಾ, ಇಲ್ಲೇ ಇಳದು ವಾಪಸ್ ಹೊಂಟೀರೇನ್ರಿ?"

"ನಡಿಯೋ ಮಾರಾಯಾ, ಸವಣೂರಿಗೆ ನಡಿ!" ಹಾಲವ್ವ ಬಾಯಿ ಒರೆಸಿಕೊಂಡು, ಸೊಸೆಯ ಸೆರಗನ್ನು ತಾನೇ ಹಿಂದಕ್ಕೆ ಸರಿಸಿದಳು. "ಸುಶೀಲಾ, ಎಲ್ಲೈತಿ ಆ ಗುಡ್ಡ? ತೋರ್ಸು. ಜೋಕಾಲಿ ಬೇಕಾದಷ್ಟು ಆಡ್ಕೋ. ನನ್ನ ಮಾತ್ರ ಅದರ ಮ್ಯಾಲ ಕುಂದ್ರಸಬ್ಯಾಡ."