ಆರನೆಯ ಏಟು

ಮಧ್ಯಾಹ್ನದ ಆಟಕ್ಕೆ ಇನ್ನೂ ಅರ್ಧ ಗಂಟೆ ಇತ್ತು. ಚಿತ್ರಮಂದಿರದ ಪ್ರೊಜೆಕ್ಟರ್ ಕೋಣೆಯಲ್ಲಿ ಆಪರೇಟರ್ ಮಸೂರ ಒರೆಸುತ್ತಿದ್ದ. ಅಲ್ಲೇ ಟಾರ್ಚ್ ಹಿಡಿದು ಸೀಟು ತೋರಿಸುವ ಕೆಲಸ ಮಾಡುವ ಅವನ ಅಕ್ಕ ಬಾಗಿಲಲ್ಲಿ ನಿಂತಿದ್ದಳು.

“ಈ ಸಿನಿಮಾ ಯಾವತ್ತು ತೆಗೀತಾರೋ?”

“ಶುಕ್ರವಾರ. ಯಾಕೆ?”

“ಗಂಡ ಹೆಂಡ್ತೀನ ಹೊಡೆಯೋ ಸೀನ್ ಬಂದ್ರೆ ಸಾಕು, ಶಿಳ್ಳೆ ಹಾಕ್ತಾರೆ. ಒಂದು, ಎರಡು ಅಂತ ಏಟು ಎಣಿಸ್ತಾರೆ. ಮ್ಯಾನೇಜರಿಗೆ ಹೇಳಿದ್ರೆ, ‘ಜನ ಬರೋದೇ ಖುಷಿಗೆ ಕಣಮ್ಮ, ನಗ್ಲಿ ಬಿಡು’ ಅಂದ್ರು. ನನ್ನ ಬೆನ್ನ ಮೇಲೇ ಎಣಿಸಿದ ಹಾಗಾಗುತ್ತೆ ಕಣೋ.”

“ಸಿನಿಮಾ ತಾನೇ ಅಕ್ಕ. ನನಗಂತೂ ಏನೂ ಕೇಳ್ಸಲ್ಲ.”

ಕೇಳಿಸುವುದಾದರೂ ಹೇಗೆ? ಮುಂದೆ ಗಾಜು, ಪಕ್ಕದಲ್ಲಿ ಯಂತ್ರದ ಗದ್ದಲ. ಕೇಳಬೇಕಾದ್ದನ್ನು ಕೇಳದಿರುವುದರಲ್ಲಿ ಈ ಮಹಾಶಯ ಮೊದಲಿನಿಂದಲೂ ಪಳಗಿದವನೇ. ಗಂಡನ ಮನೆಯಿಂದ ಅಕ್ಕ ಎರಡು ಸಲ ಓಡಿಬಂದಾಗಲೂ “ಹೊಂದ್ಕೊಂಡು ಹೋಗು” ಎಂದು ಅವನೇ ವಾಪಸು ಬಿಟ್ಟುಬಂದಿದ್ದ. ಮೂರನೆಯ ಸಲ ಬಂದವಳು ಈ ಕೆಲಸ ಹಿಡಿದಿದ್ದಳು.

“ಆಟ ಮುಗಿದ ಮೇಲೆ ಭಾವನ ಜೊತೆ ಹೊರಡು. ನಿನ್ನ ಕರ್ಕೊಂಡು ಹೋಗೋಕೆ ಬಂದಿದಾರೆ, ಬದಲಾಗಿದಾರೆ ಅವರು. ಅಲ್ಲಿ ತನಕ ಸಿನಿಮಾ ನೋಡ್ಲಿ ಅಂತ ನಾನೇ ಪಾಸ್ ಕೊಟ್ಟಿದೀನಿ.”

ಅಕ್ಕ ಟಾರ್ಚ್ ಎತ್ತಿಕೊಂಡು ಕೆಳಗಿಳಿದು ಹೋದಳು.

ಆ ಸೀನ್ ಬಂತು. ಅಕ್ಕ ಇಲ್ಲದ್ದನ್ನು ಹೇಳುತ್ತಿದ್ದಾಳೋ ಏನೋ, ನೋಡೇಬಿಡೋಣ ಎಂದು ಆಪರೇಟರ್ ಗಾಜು ಸರಿಸಿ, ಸೌಂಡನ್ನು ಪೂರ್ತಿ ಇಳಿಸಿಬಿಟ್ಟ.

ಪರದೆಯ ಮೇಲೆ ಕೈ ಏಳುತ್ತಿತ್ತು, ಬೀಳುತ್ತಿತ್ತು, ಸದ್ದಿಲ್ಲ. ಹಾಲಿನಲ್ಲಿ ಜನರ ಕೂಗೊಂದೇ ಉಳಿದಿತ್ತು. “ಮೂರು! ನಾಲ್ಕು!” ತಮ್ಮ ದನಿ ತಮಗೇ ಕೇಳಿಸಿದ್ದೇ ತಡ, ಸುಮಾರು ಜನ ಬಾಯಿ ಮುಚ್ಚಿದರು. “ಐದು” ಎಂದವರು ನಾಲ್ಕೇ ಮಂದಿ. ಆಮೇಲೆ ಒಬ್ಬನೇ.

“ಆರು! ಹಾಕು ಇನ್ನೊಂದು, ಬುದ್ಧಿ ಬರ್ಲಿ!”

ಅದು ಭಾವನ ದನಿ. ಅಕ್ಕನ ಟಾರ್ಚಿನ ಬೆಳಕು ಹೋಗಿ ಅವನ ಮುಖದ ಮೇಲೆ ನಿಂತಿತು. ಅವನಿನ್ನೂ ನಗುತ್ತಲೇ ಇದ್ದ. ಭಾವನಿಗಿಂತ ತನ್ನ ಮೇಲೆಯೇ ಆಪರೇಟರಿಗೆ ಹೆಚ್ಚು ಹೇಸಿಗೆಯಾಯಿತು.

“ಸೌಂಡ್! ಏಯ್, ಸೌಂಡ್!” ಎಂದು ಹಾಲಿನಲ್ಲಿ ಕೂಗೆದ್ದಿತು. ಆಪರೇಟರ್ ಮೆಟ್ಟಿಲಿಳಿದು ಓಡಿಬರುವಾಗ ಮ್ಯಾನೇಜರ್ ಎದುರಾದರು.

“ತಲೆ ಕೆಟ್ಟಿದೆಯೇನೋ ನಿಂಗೆ? ಜನ ಸೀಟು ಕಿತ್ತಾಕ್ತಾರೆ!”

“ಕೂಗ್ಲಿ ಸಾರ್. ಅವರು ಕೂಗೋದನ್ನ ಅವರೂ ಸ್ವಲ್ಪ ಕೇಳಿಸ್ಕೊಳ್ಳಲಿ.”

ಒಳಗೆ ಭಾವ ಎದ್ದು ನಿಂತಿದ್ದ. “ನೋಡೋ ನಿಮ್ಮಕ್ಕನ ಕೊಬ್ಬು, ಎಲ್ಲರೆದುರು ಮುಖಕ್ಕೆ ಲೈಟ್ ಬಿಡ್ತಾಳೆ! ನಡಿಯೇ ಮನೆಗೆ, ತೋರಿಸ್ತೀನಿ.”

ಆಪರೇಟರ್ ಹೋಗಿ ಇಬ್ಬರ ನಡುವೆ ನಿಂತ.

“ಅಕ್ಕಾ, ಇವರಿಗೆ ಹೊರಗೆ ಹೋಗೋ ದಾರಿ ತೋರ್ಸು.”

ಟಾರ್ಚಿನ ಬೆಳಕು ಭಾವನ ಮುಖದಿಂದ ಇಳಿದು, ಒಂದೊಂದೇ ಮೆಟ್ಟಿಲು ದಾಟಿ, ಬಾಗಿಲಲ್ಲಿ ಹೋಗಿ ನಿಂತಿತು. ಅವನು ಅಷ್ಟು ದೂರ ನಡೆದುಹೋಗುವವರೆಗೂ ಶಿಳ್ಳೆ ಹಾಕಲು ಯಾರಿಗೂ ಬಾಯಿ ಬರಲಿಲ್ಲ.